ಬಾಮೈದ ಹಿಡಿಯುವ ಹಗ್ಗ

"ಇಳಿಯೋ ಬೋಳಿಮಗನೆ! ಹಗ್ಗ ಯಾರು ಹಿಡಿದ್ರೇನು? ನಿನ್ನನ್ನೇನು ತೊಟ್ಟಿಲಲ್ಲಿ ಹಾಕಿ ತೂಗಬೇಕಾ?"

ಬಂಡೆಯ ಮೇಲೆ ನಿಂತು ಕಂಟ್ರಾಕ್ಟರ ಬೈಯುತ್ತಿದ್ದ. ಕಾಡಿನ ಜೇನಿನ ಗುತ್ತಿಗೆ ಅವನದು. ನನ್ನ ಅಜ್ಜನ ಕಾಲಕ್ಕೆ ಈ ಕಾಡಿಗೆ ಬಾಗಿಲಿರಲಿಲ್ಲ. ಈಗ ನಾವು ಒಳಗೆ ಕಾಲಿಡಲು ಪಾಸು ಬೇಕು, ಅದೂ ಅವನ ಜೇಬಿನಲ್ಲಿ. ಬಂಡೆಯ ಅಂಚಿನಿಂದ ಹತ್ತಾಳುದ್ದ ಕೆಳಗೆ ಹೆಜ್ಜೇನು ಕಟ್ಟಿತ್ತು. ನಾನು ಬಳ್ಳಿ ಹೊಸೆದ ಹಗ್ಗಕ್ಕೆ ಕೊನೆಯ ಗಂಟು ಹಾಕುತ್ತಿದ್ದೆ.

"ನನ್ನ ಬಾಮೈದನ್ನ ಒಂದು ದಿನ ಕಳಿಸಿ ಧಣಿ. ಅವನು ಬಂದ್ರೆ ಇಳೀತೀನಿ."

"ಅವನು ನನ್ನ ಗೋಡೌನಲ್ಲಿ ಮೂಟೆ ಹೊರ್ತಾ ಇದಾನೆ. ನಿನ್ನ ಮೆರವಣಿಗೆಗೆ ಕಳಿಸಲಾ?"

ನಮ್ಮಲ್ಲಿ ಜೇನಿನ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ. ಇದರಲ್ಲಿ ದೇವರೂ ಇಲ್ಲ, ದಿಂಡರೂ ಇಲ್ಲ. ಹುಳ ಎದ್ದು ಮುಖಕ್ಕೆ ಮುತ್ತಿದರೆ ಕೂಲಿಯವನು ಕೈಬಿಟ್ಟು ಓಡುತ್ತಾನೆ. ಕೆಳಗೆ ನೇತಾಡುತ್ತಿರುವವನು ಅಕ್ಕನ ಗಂಡನಾದರೆ ಓಡುವುದಿಲ್ಲ.

ಹೋದ ವರ್ಷ ನಮ್ಮ ಪಕ್ಕದ ಗುಡಿಸಲಿನವನು ಇಳಿದಾಗ ಈ ಕಂಟ್ರಾಕ್ಟರ ತನ್ನ ವಾಚ್‌ಮನ್ ಕೈಲಿ ಹಗ್ಗ ಹಿಡಿಸಿದ್ದ. ವಾಚ್‌ಮನ್ ಕಿವಿಗೆ ಎರಡು ಹುಳ ಕಚ್ಚಿದವು. ಎರಡೇ. ಪಕ್ಕದವನನ್ನು ನಾವು ಕಂಬಳಿಯಲ್ಲಿ ಬಾಚಿಕೊಂಡು ತಂದೆವು. ಆಮೇಲೆ ಹೆದರಿದವರೆಲ್ಲ ಒಬ್ಬೊಬ್ಬರಾಗಿ ಮನೆಮಂದಿ ಸಮೇತ ಪೇಟೆಯ ಗೋಡೌನು ಸೇರಿದರು. "ಭಾವ, ನಾನು ಬರೋತನಕ ಇಳೀಬೇಡ" ಎಂದು ಹೋದ ಬಾಮೈದ ಇನ್ನೂ ಬಂದಿಲ್ಲ. ಹನ್ನೆರಡು ಗುಡಿಸಲಿನಲ್ಲಿ ಈಗ ಒಲೆ ಉರಿಯುವುದು ನಮ್ಮದೊಂದೇ. ಹೆಂಡತಿ ಮಾತಾಡದ ದಿನ ನನ್ನ ದನಿ ಹೇಗಿತ್ತೆಂದು ನನಗೇ ಮರೆತುಹೋಗುತ್ತದೆ.

"ನಾನೇ ಹಿಡೀತೀನಿ ಕಣೋ, ಸಾಕಾ?" ಕಂಟ್ರಾಕ್ಟರ ಹಗ್ಗದ ತುದಿ ಕಿತ್ತುಕೊಂಡ. "ಕಾಡುಕಪಿಗೆ ಧಣಿ ಹಗ್ಗ ಹಿಡಿಯೋದು ಅಂದ್ರೆ! ನಿಮ್ಮ ಜಾತೀಲಿ ಯಾರಿಗೂ ಈ ಭಾಗ್ಯ ಸಿಕ್ಕಿಲ್ಲ. ಇಳಿ. ಇಲ್ಲಾಂದ್ರೆ ಪಾಸು ಹರಿದು ಬಿಸಾಕ್ತೀನಿ."

ಜೀಪಿನ ಪಕ್ಕ ನಿಂತಿದ್ದ ವಾಚ್‌ಮನ್ ತನ್ನ ಕಿವಿ ಮುಟ್ಟಿಕೊಂಡ. ನಾನು ಕಂಟ್ರಾಕ್ಟರನ ಕೈ ನೋಡಿದೆ. ಮೂರು ಉಂಗುರ, ಒಂದೂ ಗಾಯವಿಲ್ಲ. ಪಾಸು ಹೋದರೆ ನಮ್ಮ ಒಲೆಯೂ ಆರುತ್ತದೆ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

"ಹಂಗಾದ್ರೆ ಧಣಿ, ನಿಮ್ಮ ಅಕ್ಕನೋ ತಂಗಿನೋ ಇದ್ರೆ ನಂಗೆ ಕೊಡಿ."

ವಾಚ್‌ಮನ್ ನಗಲು ಹೋಗಿ ಬಾಯಿ ಮುಚ್ಚಿಕೊಂಡ.

"ಏನಂದೆ?"

"ತಪ್ಪೇನಂದೆ? ನಿಮ್ಮನೆ ಹೆಣ್ಣು ನಮ್ಮನೇಲಿದ್ರೆ, ಹುಳ ಕಣ್ಣು ಕಿತ್ರೂ ನೀವು ಕೈ ಬಿಡಲ್ಲ. ಆಗ ನಾನು ಕಣ್ಣು ಮುಚ್ಕೊಂಡು ಇಳೀತೀನಿ."

ಮೊದಲು ಕೈಯಲ್ಲಿ ಹೊಡೆದ, ಆಮೇಲೆ ಬೂಟಿನಲ್ಲಿ. ಪಾಸು ಚೂರು ಮಾಡಿ ಮುಖಕ್ಕೆಸೆದ.

"ನಾಳೆಯಿಂದ ಈ ಕಾಡಲ್ಲಿ ಕಂಡ್ರೆ ಕಾಲು ಮುರೀತೀನಿ, ಸೂಳೆಮಗನೆ! ನಿನ್ನ ಬಾಮೈದನ್ನೂ ಬಿಡಲ್ಲ."

ಜೀಪು ಹೋಯಿತು. ತುಟಿ ಒಡೆದಿತ್ತು. ಹೇಳಿದ್ದಕ್ಕೆ ನನಗೆ ಬೇಜಾರಿರಲಿಲ್ಲ. ಅದನ್ನು ಹೇಳಿಕೊಂಡು ನಗಲು ಪಕ್ಕದಲ್ಲೊಬ್ಬನಿಲ್ಲವಲ್ಲ, ಅದೇ ಸಂಕಟ.

ಹಗ್ಗವನ್ನು ಬಂಡೆಯಿಂದ ಕೆಳಗೆ ಇಳಿಬಿಟ್ಟೆ. ಮೇಲಿನ ತುದಿಯನ್ನು ಸೊಂಟಕ್ಕೆ ಸುತ್ತಿ, ಬಾಮೈದ ಕೂರುವ ಜಾಗದಲ್ಲಿ, ಅವನು ಕೂರುವ ಹಾಗೇ ಬಂಡೆಗೆ ಕಾಲು ಒತ್ತಿ ಕೂತೆ. ಕೆಳಗಿನಿಂದ ಜೇನಿನ ಸದ್ದು ಬರುತ್ತಿತ್ತು. ಹೊತ್ತು ಮುಳುಗುವವರೆಗೂ ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದೇ ಇದ್ದೆ. ಕೆಳಗೆ ಯಾರೂ ಇರಲಿಲ್ಲ.