ನಾನು ಅಳಿಸಿದ ಗುಡ್ಡ

ಜಪಾನಿನ ನಗೋಯಾದ ಹೊರಗೆ, ಕಾರಿನ ಬ್ರೇಕ್ ಪರೀಕ್ಷಿಸುವ ನಮ್ಮ ಲ್ಯಾಬಿನಲ್ಲಿ ಕಾರಿಲ್ಲ. ಬ್ರೇಕನ್ನು ಆಳುವ ಅಂಗೈಯಗಲದ ಪೆಟ್ಟಿಗೆಯೊಂದೇ ನಿಜ. ಚಕ್ರ, ರಸ್ತೆ, ಹಿಮ, ಓಡಿಸುವವನು ಎಲ್ಲವೂ ಕಂಪ್ಯೂಟರ್ ಹೆಣೆದ ಕಟ್ಟುಕತೆ. ಪಾಪ, ಆ ಪೆಟ್ಟಿಗೆಗೆ ತಾನು ಕಾರಿನೊಳಗೇ ಇದ್ದೇನೆಂಬ ನಂಬಿಕೆ. ಹನ್ನೊಂದು ವರ್ಷದಿಂದ ಇಂಥ ಪೆಟ್ಟಿಗೆಗಳಿಗೆ ಸುಳ್ಳು ಹೇಳುವುದೇ ನನ್ನ ಉದ್ಯೋಗ.

ಕಟ್ಟುಕತೆಯ ಚಾಲಕನಿಗೆ ಮಾತ್ರ ನಿಜವಾದ ಕಾಲು ಕೊಟ್ಟಿದ್ದೆವು. ಅದು ದೂರದ ಉತ್ತರದ ಹೊಕ್ಕೈಡೋದ ನಮ್ಮ ಹಿಮದ ಟ್ರ್ಯಾಕಿನಲ್ಲಿ ಕಾರು ಓಡಿಸುವ ನುನೊಮುರಾ ಅವರದು. ಅರವತ್ತು ದಾಟಿದ ಮನುಷ್ಯ, ಮಾರ್ಚಿಗೆ ನಿವೃತ್ತಿ. ಕಳೆದ ಚಳಿಗಾಲ ಅವರು ಹಳೆಯ ಕಾರಿನಲ್ಲಿ ಬ್ರೇಕ್ ತುಳಿದದ್ದನ್ನೆಲ್ಲ ದಾಖಲಿಸಿ ತಂದು ನೋಡಿದೆ. ಪ್ರತಿ ತುಳಿತಕ್ಕೂ ಪರದೆಯ ಗೆರೆಯಲ್ಲಿ ಒಂದು ಗುಡ್ಡ ಏಳಬೇಕಿತ್ತು, ಎರಡೆರಡು ಎದ್ದಿದ್ದವು. ವಯಸ್ಸಾಯಿತು, ಕಾಲು ನಡುಗುತ್ತಿದೆ ಅಂದುಕೊಂಡೆ. ಹಿರಿಯರನ್ನು ಅದನ್ನೆಲ್ಲ ಕೇಳುವುದು ಹೇಗೆ? ವರದಿಯಲ್ಲಿ ಬರೆದರೆ ಕೊನೆಯ ಚಳಿಗಾಲದಲ್ಲಿ ಅವರನ್ನು ಕಾರಿನಿಂದ ಇಳಿಸಿಬಿಡುತ್ತಾರೆ. ಅವರ ಮರ್ಯಾದೆ ಉಳಿಯಲಿ ಎಂದು ಎರಡನೆಯ ಗುಡ್ಡಗಳನ್ನೆಲ್ಲ ಸದ್ದಿಲ್ಲದೆ ಅಳಿಸಿ, 'ಮೂಲ ದಾಖಲೆ' ಎಂದಿದ್ದ ಕಡೆ ನನ್ನ ಮೊಹರು ಒತ್ತಿದೆ. ಪೆಟ್ಟಿಗೆ ನಲವತ್ತು ಸಾವಿರ ಪರೀಕ್ಷೆಗಳಲ್ಲಿ ಪಾಸಾಯಿತು.

ಇವತ್ತು ಬೆಳಿಗ್ಗೆ ಅದು ಮೊದಲ ಸಲ, ಟ್ರ್ಯಾಕಿನಲ್ಲಿ, ನಿಜವಾದ ಕಾರಿನಲ್ಲಿ ಕೂತಿತ್ತು. ಆ ಕಾರು ಹತ್ತುವ ಮುಂಚೆ ನುನೊಮುರಾ ಫೋನ್ ಮಾಡಿದರು. ಸಾಲ್ಮನ್ ಮೀನು ಕಳಿಸಿದ್ದೇನೆ, ಹೆಂಡತಿ ಕೈಗೆ ಕೊಡು, ನೀನು ಬೇಯಿಸಲು ಹೋದರೆ ಸುಟ್ಟುಹಾಕುತ್ತೀಯ ಎಂದು ಛೇಡಿಸಿದರು. ಆಮೇಲೆ ಕೇಳಿದರು:

“ಅಲ್ಲಪ್ಪ ಕುಸಕಾಬೆ, ನಿನ್ನ ಮೇಜಿನ್ಮೇಲಿರೋ ನುನೊಮುರಾ ಹೆಂಗೆ ಓಡಿಸ್ತಾನೆ? ನನ್ನ ಹಂಗೇ ಎರಡು ಸಲ ತುಳೀತಾನೋ ಇಲ್ವೋ?”

“ಎರಡು ಸಲನಾ?”

“ಹೂಂ. ಹಿಮದ್ಮೇಲೆ ಮೊದಲ್ನೇದು ಎಷ್ಟು ಜಾರ್ತೀಯ ಅಂತ ರಸ್ತೇನ ಕೇಳೋಕೆ, ಎರಡನೇದು ನಿಲ್ಸೋಕೆ. ನಮ್ಮ ಗುರುಗಳು ತಲೆಗೆ ಮೊಟಕಿ ಮೊಟಕಿ ಕಲ್ಸಿದ್ದು. ಸರಿ, ಇಡ್ತೀನಿ. ಮೊಬೈಲ್ ಲಾಕರಿಗೆ ಹಾಕ್ಬೇಕು.”

ಗುಟ್ಟು ಹೊರಬೀಳಬಾರದೆಂದು ಹೊಸ ಕಾರಿನ ಹತ್ತಿರ ಯಾರೂ ಮೊಬೈಲ್ ಒಯ್ಯುವಂತಿಲ್ಲ.

ಹಾಗಾದರೆ ಅದು ನಡುಕವಲ್ಲ. ಅಳಿಸುವ ಮುಂಚಿನ ಪ್ರತಿಯನ್ನು ಹುಡುಕಿ ಪರೀಕ್ಷೆಗೆ ಹಾಕಿದೆ. ಗಂಟೆಗೆ ಎಂಬತ್ತು ಕಿಲೋಮೀಟರ್, ಹಿಮದ ರಸ್ತೆ. ಎರಡನೆಯ ತುಳಿತ ಬಿದ್ದ ಕೂಡಲೇ ಪೆಟ್ಟಿಗೆ, ಪೆಡಲೇ ಕೆಟ್ಟಿದೆಯೆಂದು ತಿಳಿದು ಬ್ರೇಕನ್ನು ಪೂರ್ತಿ ಬಿಟ್ಟುಬಿಟ್ಟಿತು. ಪರದೆಯ ಕಾರು ಗೋಡೆಗೆ ಹೋಗಿ ಬಡಿಯಿತು. ಮೂರು ಸಲ ಓಡಿಸಿದೆ. ಮೂರು ಸಲವೂ ಅದೇ ಗೋಡೆ.

ಟ್ರ್ಯಾಕಿಗೆ ಫೋನ್ ಮಾಡಿದರೆ ಕಚೇರಿಯ ಹೆಂಗಸು ಬಹಳ ವಿನಯದಿಂದ, ಕಾರು ಹೊರಟಾಗಿದೆ, ನಿಲ್ಲಿಸಲು ವಿಭಾಗದ ಮುಖ್ಯಸ್ಥರೇ ಹೇಳಬೇಕು ಎಂದಳು. ಬಿದ್ದೆನೋ ಕೆಟ್ಟೆನೋ ಎಂದು ಓಡಿದೆ. ಮುಖ್ಯಸ್ಥ ಹಿಬಿನೊ ಸಭೆಯ ಕೋಣೆಯಲ್ಲಿ ಎಂಟು ಜನರ ಜೊತೆ ಚಹಾ ಕುಡಿಯುತ್ತ, ಟ್ರ್ಯಾಕಿನಿಂದ ಬರುತ್ತಿದ್ದ ಪೆಡಲಿನ, ಬ್ರೇಕಿನ ಗೆರೆಗಳನ್ನು ದೊಡ್ಡ ಪರದೆಯ ಮೇಲೆ ನೋಡುತ್ತಿದ್ದರು. ಕಾರು ನಿಲ್ಲಿಸಿ ಎಂದೆ.

ಅವರು ನನ್ನ ಕಡೆ ತಿರುಗಿದರು. “ಯಾಕಯ್ಯಾ? ನಲವತ್ತು ಸಾವಿರ ಸಲ ಪಾಸಾಗಿದ್ಯಲ್ಲ. ಮೊಹರೂ ನಿಂದೇ ಇದೆ.”

ಎಂಟು ಜನವೂ ನನ್ನನ್ನೇ ನೋಡಿದರು. ನಾಚಿಕೆ, ಬರೀ ನಾಚಿಕೆ. ಹತ್ತು ಎಣಿಸುವಷ್ಟು ಹೊತ್ತು ಹಾಗೇ ನಿಂತಿದ್ದೆ.

“ನಾನು ಅಳಿಸ್ದೆ,” ಎಂದೆ ಕೊನೆಗೆ. “ಅವ್ರು ಎರಡು ಸಲ ತುಳೀತಾರೆ. ತುಳಿದ್ರೆ ಬ್ರೇಕ್ ಇರಲ್ಲ.”

ಹಿಬಿನೊ ಚಹಾ ಚೆಲ್ಲಿಕೊಂಡೇ ಫೋನಿಗೆ ಕೈಹಾಕಿದರು. ಅವರ ಹಿಂದೆ ಪರದೆಯಲ್ಲಿ ಮೊದಲ ಗುಡ್ಡ ಎದ್ದಿತು. ಒಂದೇ ಸಾಕು ನುನೊಮುರಾ-ಸಾನ್, ಇವತ್ತೊಂದು ದಿನ ಒಂದೇ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಎರಡನೆಯದೂ ಎದ್ದಿತು, ನಾನು ಅಳಿಸಿದ್ದರ ಹಾಗೆಯೇ, ಅಷ್ಟೇ ಎತ್ತರಕ್ಕೆ. ಬ್ರೇಕಿನ ಗೆರೆ ಸೊನ್ನೆಗೆ ಬಿತ್ತು.

ಫೋನಿನಲ್ಲಿ ಆ ಹೆಂಗಸು ಬಹಳ ವಿನಯದಿಂದ, ಮಾತಾಡುತ್ತಿರುವವರು ಯಾರೆಂದು ಕೇಳುತ್ತಿದ್ದಳು.