ಸುಲ್ತಾನಬಿಯ ಹೌಲದಿಲಿ

ನಿಂಬರ್ಗಾದ ಸುಲ್ತಾನಬಿಯ ಕೊರಳಲ್ಲಿ ಒಂದು ಹಸಿರು ಕಲ್ಲಿತ್ತು. ಅದರ ಹೆಸರು ಹೌಲದಿಲಿ. ಹೌಲ ಎಂದರೆ ದಿಗಿಲು, ದಿಲ್ ಎಂದರೆ ಎದೆ. ಎದೆಯ ದಿಗಿಲನ್ನು ಹಿಡಿದಿಡುವ ಕಲ್ಲು. ಚೊಚ್ಚಲ ಬಾಣಂತನದಲ್ಲಿ ಎದೆ ಡವಡವ ಅಂದಾಗ ಅತ್ತೆ ಕಟ್ಟಿದ್ದು, ನಲವತ್ತು ವರ್ಷವಾದರೂ ಕೊರಳಿಂದ ಇಳಿದಿರಲಿಲ್ಲ. ಪಕ್ಕದ ಮನೆಯ ಮಲ್ಕಮ್ಮ ಕೂಡ ಮೊಮ್ಮಕ್ಕಳು ಬೆಚ್ಚಿಬಿದ್ದರೆ ಅದನ್ನು ಅದ್ದಿದ ನೀರು ಒಯ್ದು ಕುಡಿಸುತ್ತಿದ್ದಳು.

ಈಗ ಎರಡು ತಿಂಗಳಿಂದ ಮುದುಕಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಲಬುರಗಿಯ ಡಾಕ್ಟರ ಹತ್ತಿರ ಹೋಗೋಣವೆಂದು ಮೊಮ್ಮಗಳು ನೂರೀನ ಗೋಗರೆದಿದ್ದೇ ಬಂತು. ಕಲ್ಲಿರುವಾಗ ಡಾಕ್ಟರೇಕೆ ಎಂಬ ಒಂದೇ ಹಟ. ನೂರೀನಳಿಗೆ ಭಯ. ಆದರೂ, ಭೂವಿಜ್ಞಾನ ಓದುವ ಹುಡುಗಿಯಲ್ಲವೇ, ಕಣ್ಣು ಮಾತ್ರ ಆ ಕಲ್ಲಿನ ಮೇಲೆಯೇ.

ಹೌಲದಿಲಿ ಎಂದರೆ ಅದು ಯಶಬ್, ಅಂದರೆ ಜೇಡ್ ಕಲ್ಲೇ ಆಗಿರಬೇಕು. ನೆಲದಾಳದ ಒತ್ತಡದಲ್ಲಿ ಹುಟ್ಟುವ ಯಶಬ್‌ನ ಎಳೆಗಳು ಕಂಬಳಿಯ ಉಣ್ಣೆಯ ಹಾಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ಅದಕ್ಕೇ ಹಿಂದಿನವರು ಅದರಿಂದ ಕೊಡಲಿಯನ್ನೂ ಕಠಾರಿಯ ಹಿಡಿಯನ್ನೂ ಮಾಡಿಕೊಂಡರು. ನೋಡಲು ಹಾಗೆಯೇ ಇರುವ ಇನ್ನೊಂದು ಕಲ್ಲಿದೆ, ಸರ್ಪೆಂಟೈನ್. ಸಮುದ್ರದಡಿಯ ಬಂಡೆ ನೀರು ಕುಡಿದು ಮೆತ್ತಗಾಗಿ ಆದದ್ದು. ಅದೇ ಹಸಿರು, ಅದೇ ನುಣುಪು. ಚಾಕು ಎಳೆದರೆ ಗುಟ್ಟು ರಟ್ಟು: ಯಶಬ್ ಮೇಲೆ ಜಪ್ಪಯ್ಯ ಅಂದರೂ ಗೀರು ಬೀಳುವುದಿಲ್ಲ, ಸರ್ಪೆಂಟೈನ್ ಮೇಲೆ ಬೀಳುತ್ತದೆ.

ಒಂದು ಮಧ್ಯಾಹ್ನ ಮಲ್ಕಮ್ಮ ಬಂದು ಕೂತಿದ್ದಾಗ ನೂರೀನ ಇದನ್ನೆಲ್ಲ ಹೇಳಿದಳು. ಮಲ್ಕಮ್ಮ ಇದ್ದರೆ ಆ ಮನೆಯಲ್ಲಿ ಉರ್ದು ಬದಿಗೆ ಸರಿದು ಕನ್ನಡವೇ ನಡೆಯುತ್ತದೆ. ಇನ್ನೇನು ಬೈಗುಳ ಬೀಳುತ್ತದೆ ಎಂದುಕೊಂಡರೆ, ಮುದುಕಿ ತಾನೇ ದಾರ ಬಿಚ್ಚಿ ಕಲ್ಲನ್ನು ಮೊಮ್ಮಗಳ ಕೈಗಿಟ್ಟಳು. ತಿಳಿಯುವ ಚಪಲ ಅವಳಿಗೇನು ಕಡಿಮೆಯೇ?

ನೂರೀನ ಕಲ್ಲನ್ನು ಮಗುಚಿ, ಅಂಚಿಗೆ ಚಾಕುವಿನ ಮೊನೆ ಒತ್ತಿ ಎಳೆದಳು. ಬಿಳಿ ಗೀರು ಬಿತ್ತು. ಬೆರಳಿನಿಂದ ಒರೆಸಿದಳು, ಹೋಗಲಿಲ್ಲ. ಗೆದ್ದ ಖುಷಿ ಬರಲೇ ಇಲ್ಲ.

"ಯಶಬ್ ಅಲ್ರಿ ದಾದಿ," ಅಂದಳು ಅಜ್ಜಿಗೆ.

ಸುಲ್ತಾನಬಿ ಕಲ್ಲನ್ನು ಇಸಿದುಕೊಂಡು ಆ ಗೀರಿನ ಮೇಲೆ ಉಗುರಾಡಿಸಿದಳು.

"ಹಂಗಾದ್ರ ನಲವತ್ತ ವರ್ಷ ಈ ಎದಿ ಯಾರ ಆಸರಿ ಇಲ್ದ ತಾನೊಂದೇ ದುಡದದ," ಅಂದಳು. "ದಣದಿರಬೇಕು, ಪಾಪ. ನಾಳಿ ಡಾಕ್ಟರ್ ಕಡಿ ಕರಕೊಂಡ ನಡಿ, ಬೇಟಿ."