ಮೊಲದ ಕುತ್ತಿಗೆ

ಯಮುನಾಬಾಯಿ ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಹೊಲಿಗೆ, ಹೆಣಿಗೆ ಕಲಿಸಿದವರು. ನಿವೃತ್ತಿಯಾದ ಮೇಲೂ ಮಂಗಳವಾರ, ಶುಕ್ರವಾರ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಹುಡುಗಿಯರಿಗೆ ಕೊಕ್ಕೆಸೂಜಿಯ ಹೆಣಿಗೆ, ಕ್ರೋಶಾ, ಹೇಳಿಕೊಡುತ್ತಿದ್ದರು. ಅವರಿಗೆ ಹೆಸರು ಬಂದದ್ದು ಗೊಂಬೆಗಳಿಂದ. ಗೊಂಬೆಯ ತಲೆ ದುಂಡಗಾಗಿ ಕುತ್ತಿಗೆಗೆ ಇಳಿಯುವಾಗ ಎರಡೆರಡು ಹೆಣಿಕೆ ಸೇರಿಸಿ ಒಂದು ಮಾಡಬೇಕು. ಬೇರೆಯವರು ಮಾಡಿದರೆ ಅಲ್ಲಿ ಗಂಟು ಉಬ್ಬಿ, ಪಕ್ಕದಲ್ಲೇ ತೂತು ಬಿದ್ದು, ಒಳಗಿನ ಹತ್ತಿ ಇಣುಕುತ್ತಿತ್ತು. ಯಮುನಾಬಾಯಿ ಎಲ್ಲಿ ಸೇರಿಸಿದ್ದಾರೆಂಬುದೇ ಕಾಣುತ್ತಿರಲಿಲ್ಲ.

“ಪೂರಾ ಹೆಣಿಕಿಯೊಳಗ ಸೂಜಿ ತೂರಿಸಬ್ಯಾಡ್ರಿ,” ಎನ್ನುತ್ತಿದ್ದರು. “ಹೆಣಿಕಿ ತಲಿಮ್ಯಾಲೆ ಎರಡು ಎಳಿ ಇರ್ತಾವ. ನಮ್ಮ ಕಡಿ ಇರೋ ಮುಂದಿನ ಎಳಿ ಒಂದ ಹಿಡೀರಿ. ಬಾಜೂ ಹೆಣಿಕೀದೂ ಮುಂದಿನ ಎಳೀನ ಹಿಡೀರಿ. ಆಮ್ಯಾಲೆ ಎರಡರೊಳಗಿಂದ ದಾರ ಎಳೀರಿ. ಮತ್ತ, ಒಂದರ ಮ್ಯಾಲೊಂದು ಬರದಂಗ ಸುತ್ತಿಗೊಮ್ಮೆ ಜಾಗಾ ಬದಲಿಸ್ರಿ.”

ಕಳೆದ ವರ್ಷ ಸಕ್ಕರೆ ಕಾಯಿಲೆ ಅವರ ಬೆರಳ ತುದಿಗೆ ಇಳಿಯಿತು. ಮೊದಲು ಜುಮುಜುಮು, ಆಮೇಲೆ ಏನೂ ಇಲ್ಲ. ಹೋದ ಸ್ಪರ್ಶ ಪೂರ್ತಿ ಮರಳುವುದು ಕಷ್ಟವೆಂದು ಡಾಕ್ಟರು ಹೇಳಿದ್ದನ್ನು ಅವರು ಯಾರಿಗೂ ಹೇಳಲಿಲ್ಲ, ಬೆಟಗೇರಿಯಲ್ಲಿದ್ದ ಮಗಳು ಅಕ್ಷಯಾಳಿಗೂ.

ಅಕ್ಷಯಾಳಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ದಿನಕ್ಕೆಂದು ಯಮುನಾಬಾಯಿ ನೀಲಿ ಉಲನ್ನಿನ ಮೊಲವೊಂದನ್ನು ಹೆಣೆಯಲು ಹಿಡಿದರು. ಎರಡು ದಿನದ ಕೆಲಸ ಮೂರು ವಾರ ತಿಂದಿತು. ಸೂಜಿಯ ಕೊಕ್ಕೆಗೆ ಒಮ್ಮೆ ಎರಡೂ ಎಳೆ ಸಿಗುತ್ತಿದ್ದವು, ಒಮ್ಮೆ ಒಂದೂ ಇಲ್ಲ. ಕುತ್ತಿಗೆಯ ಸುತ್ತ ಬಿಳಿ ಹತ್ತಿ ಕಾಣುತ್ತಿತ್ತು. ಮೂರು ಸಲ ಬಿಚ್ಚಿದರು. ನಾಲ್ಕನೆಯ ಸಲ ಹಾಗೇ ಬಿಟ್ಟು, ಕಿವಿ ಹೊಲಿಯಲು ರೇಷ್ಮಾಳ ಕೈಗೆ ಕೊಟ್ಟರು. ಅವಳು ಅಡರಕಟ್ಟಿಯಿಂದ ಆರು ವರ್ಷ ತಪ್ಪದೆ ಬಂದು ಕಲಿತವಳು.

ಹೆಸರಿಡುವ ದಿನ ರೇಷ್ಮಾ ಮೊಲವನ್ನು ಕಾಗದದಲ್ಲಿ ಸುತ್ತಿಕೊಂಡು ನೇರ ಬೆಟಗೇರಿಗೇ ಬಂದಳು. ಮೊಲ ಹೆಂಗಸರ ಕೈಯಿಂದ ಕೈಗೆ ಹೋಯಿತು.

“ಈ ವಯಸ್ಸಿನ್ಯಾಗೂ ಎಂಥಾ ಕೈರಿ ನಿಮ್ಮದು!” ಎಂದರು ಅಕ್ಷಯಾಳ ಅತ್ತೆ. “ಎಲ್ಲೆ ಕೂಡಿಸೀರಿ ಅಂತನ ಗೊತ್ತಾಗಂಗಿಲ್ಲ.”

ಯಮುನಾಬಾಯಿ ನಗುತ್ತಲೇ ಮೊಲವನ್ನು ಹೊರಳಿಸಿ ನೋಡಿದರು. ಕುತ್ತಿಗೆಯಲ್ಲಿ ಒಂದು ತೂತೂ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ರೇಷ್ಮಾ ತಲೆ ತಗ್ಗಿಸಿದಳು.

ಮರಳುವ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಬಸ್ಸು ಮುಳಗುಂದ ದಾಟಿತು.

“ಬಿಚ್ಚಿ ಮತ್ತ ಹಾಕೀದಿ, ಹೌದಲ್ಲ?” ಎಂದರು ಯಮುನಾಬಾಯಿ.

“ತಪ್ಪಾತ್ರಿ ಅಕ್ಕೋರ. ಹತ್ತಿ ಕಾಣಾಕ ಹತ್ತಿತ್ತು. ಮಂದಿ ನಿಮಗ ಏನರ ಅಂದ್ರ ನನಗ ತಡಕೊಳ್ಳಾಕ ಆಗ್ತಿದ್ದಿಲ್ಲ.”

“ಭಾಳ ಛಲೋ ಆಗ್ಯದ. ನಾ ಮಾಡಿದ್ರೂ ಇಷ್ಟು ಛಲೋ ಆಗ್ತಿದ್ದಿಲ್ಲ.” ಕಿಟಕಿಯ ಕಡೆ ತಿರುಗಿದರು. “ಆದ್ರ ತೂತು ಇದ್ರೂ ಅದು ನಂದಿತ್ತಲ್ಲವಾ.”

ರೇಷ್ಮಾ ಅತ್ತಳು. “ಅಕ್ಷಯಾ ಅಕ್ಕಾರಿಗೆ ಖರೆ ಹೇಳಿಬಿಡ್ತೀನ್ರಿ.”

“ಬ್ಯಾಡ. ಹೇಳಿದ್ರ ಇದ್ದಷ್ಟು ಹೆಸರೂ ಹೋಗ್ತದ.”

ಮಂಗಳವಾರ ಹುಡುಗಿಯರು ಬಂದರು. ಹೊಸಬಳೊಬ್ಬಳು ಹೆಣಿಕೆ ಸೇರಿಸುವುದನ್ನು ತೋರಿಸಿರಿ ಎಂದಳು. ಯಮುನಾಬಾಯಿ ಸೂಜಿ ಹಿಡಿದರು. ಎಳೆ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನಾಲ್ಕನೆಯ ಸಲಕ್ಕೆ ಹುಡುಗಿಯರೆಲ್ಲ ತಮ್ಮ ತಮ್ಮ ಮಡಿಲು ನೋಡಿಕೊಂಡು ಕುಳಿತಿದ್ದರು. ಆ ಮರ್ಯಾದೆಯನ್ನು ಯಮುನಾಬಾಯಿಯಿಂದ ತಾಳಲಾಗಲಿಲ್ಲ.

“ಇವತ್ತಿಗೆ ಸಾಕು. ಇನ್ನ ಬರಬ್ಯಾಡ್ರಿ,” ಎಂದು ಎದ್ದು ಒಳಗೆ ಹೋದರು.

ಶುಕ್ರವಾರ ರೇಷ್ಮಾ ಒಬ್ಬಳೇ ಬಂದು ಬಾಗಿಲು ತಟ್ಟಿದಳು. “ಅಕ್ಕೋರ, ನೀವು ಸುಮ್ನ ಕುಂತು ಬಾಯಿಲೆ ಹೇಳ್ರಿ. ನಮ್ಮ ಕೈ ಅದಾವಲ್ರಿ.”

“ಮೈಯಾಗ ಅರಾಮಿಲ್ಲ. ಹೋಗವಾ,” ಎಂದಿತು ಒಳಗಿನ ದನಿ. ರೇಷ್ಮಾ ಬಸ್ಸಿನ ಹೊತ್ತಿನವರೆಗೆ ಕಟ್ಟೆಯ ಮೇಲೆ ಕುಳಿತಿದ್ದು ಹೋದಳು. ಬಾಗಿಲು ತೆರೆಯಲಿಲ್ಲ.

ಅದೇ ಸಂಜೆ ಅಕ್ಷಯಾ ಫೋನ್ ಮಾಡಿದಳು. ನಾದಿನಿಯ ಕೂಸಿಗೂ ಅಂಥದೇ ಮೊಲ ಬೇಕಂತೆ. “ನಿನಗೇನವ್ವಾ, ಎರಡು ದಿನದ ಕೆಲಸ.”

ಯಮುನಾಬಾಯಿ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು. ಆಮೇಲೆ “ಆಗ್ಲಿ, ನೋಡೋಣು” ಎಂದು ಫೋನ್ ಇಡಲು ಹೋದರು. ಕೆಂಪು ಗುಂಡಿ ಬೆರಳಿಗೆ ಸಿಗಲಿಲ್ಲ. ಆ ಕಡೆಯಿಂದ ಮಗಳು “ಅವ್ವಾ? ಅವ್ವಾ?” ಎನ್ನುತ್ತಲೇ ಇದ್ದಳು.